ಅತ್ತೆಯ ಭಾಷಣ ನುಂಗಿದ ಅಳಿಯ

ಸ್ನೇಹಿತರೇ, ಇವತ್ತು ನನಗೆ ಯಾರು ಬೈದರೂ ಸರಿಯೇ. ಬೆಳಗ್ಗೆ ಚನ್ನರಾಯಪಟ್ಟಣದ ಭಾಮೈದನ ಮನೆಗೆ ಹೋಗಿದ್ದೆ. ಇಲ್ಲಿಂದಲೇ ಹಾಸನದ ನಮ್ಮ ಮನೆ ಕಂಪ್ಯೂಟರನ್ನು ನಡೆಸಬಲ್ಲೆ ಎಂದು ಜಂಬ ಕೊಚ್ಚಿ, ಅವನ ಕಂಪ್ಯೂಟರಿನಲ್ಲಿ ಅದನ್ನು ತೆರೆದು ತೋರಿಸಿದೆ. ಪರದೆಯ ಮೇಲೆ ಒಂದೊಂದೇ ಕನ್ನಡ ಅಕ್ಷರ ಮೂಡುತ್ತಿತ್ತು. ಮನೆಯಲ್ಲಿ ಯಾರೋ ಟೈಪ್ ಮಾಡುತ್ತಿದ್ದರು.

"ಅಕ್ಕ ಇರ್ಬೇಕು ಭಾವ, ಒಸಿ ಆಟ ಆಡ್ಸಿ," ಎಂದ ಭಾಮೈದ.

ನಾನು ಮೌಸ್ ಹಿಡಿದು ಅಲ್ಲಿನ ಬಾಣವನ್ನು ಅತ್ತಿತ್ತ ಓಡಿಸಿದೆ. ಟೈಪಿಂಗ್ ನಿಂತಿತು. ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿರುವಾಗಲೇ ಸಂಪರ್ಕ ಕಡಿದುಹೋಯಿತು.

ಕೂಡಲೇ ಮನೆಯಿಂದ ಫೋನ್ ಬಂತು. ಮಾತಾಡಿದವರು ನನ್ನ ಅತ್ತೆ, ಭಾಮೈದನ ತಾಯಿ. ನಮ್ಮ ಜೊತೆಗೇ ಇದ್ದು ಸಾಲಗಾಮೆಯಲ್ಲಿ ಟೀಚರ್ ಆಗಿರುವ ಅವರು ನಾಳೆ ನಿವೃತ್ತರಾಗುತ್ತಾರೆ.

"ಅಳಿಯಂದ್ರೇ, ನಿಮ್ ಕಂಪ್ಯೂಟರ್‌ಗೆ ಯಾವನೋ ಕಳ್ಳ ನುಗ್ಗಿದ್ದ. ನಿಮ್ದೇನೂ ಕದೀಬಾರ್ದು ಅಂತ ಕರೆಂಟ್ ವೈರೇ ಕಿತ್ತಾಕ್ಬುಟ್ಟೆ. ನಾಳೆಗೆ ಟೈಪ್ ಮಾಡ್ತಿದ್ದ ಭಾಷಣ ಹೋಯ್ತು. ಹೋಗ್ಲಿ ಬಿಡಿ, ನಿಮ್ದು ಉಳೀತಲ್ಲ."

ಭಾಮೈದ ತಲೆ ತಗ್ಗಿಸಿದ.

"ಅತ್ತೆ, ಆ ಕಳ್ಳ ನಾನೇ," ಎಂದೆ.

"ನಿಮ್ಮನೆಗೆ ನೀವೇ ಹಿಂಗಾ ಬರೋದು?" ಎಂದಷ್ಟೇ ಕೇಳಿದರು.

ಸಿಕ್ಕಿದ ಬಸ್ಸು ಹತ್ತಿ ಹಾಸನಕ್ಕೆ ಬಂದೆ. ಅತ್ತೆ ನೆನಪಿಸಿಕೊಂಡು ಹೇಳುತ್ತಾ ಹೋದರು, ನಾನು ಟೈಪ್ ಮಾಡಿದೆ. ಕೊನೆಯ ಸಾಲು ಹೀಗಿತ್ತು: "ಈ ವಯಸ್ಸಿನಲ್ಲಿ ತಾಳ್ಮೆಯಿಂದ ಕಂಪ್ಯೂಟರ್ ಕಲಿಸಿದ ನನ್ನ ಅಳಿಯನಿಗೆ ವಂದನೆಗಳು."

ಅದನ್ನು ತೆಗೆಯೋಣ ಎಂದೆ. ಅತ್ತೆ ಒಪ್ಪಲಿಲ್ಲ. ನನ್ನ ಹೊಗಳಿಕೆಯನ್ನು ನಾನೇ ಟೈಪ್ ಮಾಡಿದೆ, ಅದರಲ್ಲೂ "ತಾಳ್ಮೆ" ಎಂಬಲ್ಲಿ ತಪ್ಪು ಮಾಡಿ ಬೈಸಿಕೊಂಡೆ.