ಮೊಮ್ಮಗಳಿಗೆ ನಾಲ್ಕು ಕೆ.ಜಿ. ಬೇಕಿತ್ತು

ಪೊಲೀಸ್ ಕೆಲಸದ ಬರೆಯುವ ಪರೀಕ್ಷೆಯಲ್ಲಿ ನನ್ನ ಮೊಮ್ಮಗಳು ಪಾಸಾದಳು. ಓಡುವುದು, ಜಿಗಿಯುವುದು, ಕಬ್ಬಿಣದ ಗುಂಡು ಎಸೆಯುವುದು ಇನ್ನೂ ಬಾಕಿ ಇತ್ತು. ಅದಕ್ಕಿಂತ ಮೊದಲು ತಕ್ಕಡಿ ಹತ್ತಿ ನಿಲ್ಲಬೇಕಂತೆ. ಹೆಣ್ಣುಮಗಳು ನಲವತ್ತೈದು ಕೆ.ಜಿ. ಇರಲೇಬೇಕು. ಒಂದು ಹಿಡಿ ಕಡಿಮೆಯಾದರೂ ಬಂದ ಬಸ್ಸಿಗೆ ವಾಪಸ್ಸು ಕಳಿಸುತ್ತಾರೆ. ನೀನೆಷ್ಟು ಓದಿದ್ದೀಯಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ನಮ್ಮ ಮನೆಯಲ್ಲಿ ಮೆಕ್ಕೆಜೋಳ ತೂಗುತ್ತೇವೆ, ಶೇಂಗಾ ತೂಗುತ್ತೇವೆ, ಕುರಿ ತೂಗುತ್ತೇವೆ. ಮನುಷ್ಯರನ್ನು ತೂಗಿದವರಲ್ಲ. ಹುಡುಗಿ ತೆಳ್ಳಗಿದ್ದಾಳೆ ಅಂತ ಕಣ್ಣಿಗೆ ಕಾಣುತ್ತಿತ್ತು, ಎಷ್ಟು ತೆಳ್ಳಗೆ ಅಂತ ಗೊತ್ತಿರಲಿಲ್ಲ. ಸುಗ್ಗಿಯ ಕಾಲ. ಮಗ ಹರಪನಹಳ್ಳಿಯ ಮಂಡಿಗೆ ಮೆಕ್ಕೆಜೋಳ ಹೇರಿಕೊಂಡು ಹೊರಟಿದ್ದ. ನಾನೂ ಮೊಮ್ಮಗಳೂ ಅದೇ ಗಾಡಿ ಹತ್ತಿದೆವು. ಚೀಲಗಳ ತೂಕ ಮುಗಿದ ಮೇಲೆ ಹುಡುಗಿಯನ್ನು ಆ ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿದೆ.

ಹಮಾಲರಿಗೆ ತಮಾಷೆಯೋ ತಮಾಷೆ.

"ಚಪ್ಲಿ ಬಿಡವ್ವಾ, ಚಪ್ಲಿಗೆ ನಮ್ಮಲ್ಲಿ ರೇಟಿಲ್ಲ," ಅಂದ ಒಬ್ಬ.

"ಯಜ್ಜಿ, ಈ ಚೀಲ ಇನ್ನಾ ತುಂಬಿಲ್ಲಲ್ಲ! ಬಾಯಿ ಹೊಲಿಯಾಕ ಯಾಕ ಅವಸರ ಮಾಡೀರಿ?" ಅಂದ ಇನ್ನೊಬ್ಬ.

"ನಗು, ನಗು. ನಾಳಿ ಇದಾ ಚೀಲ ಲಾಠಿ ಹಿಡ್ಕಂಡು ಬರತೈತಿ, ಆವಾಗ ನಗು," ಅಂದೆ.

ಕೆಂಪು ಅಂಕಿ ನಲವತ್ತೊಂದಕ್ಕೆ ನಿಂತಿತು. ಹುಡುಗಿಯ ಮುಖ ಇಳಿಯಿತು. ನನಗೆ ಮಾತ್ರ ಖುಷಿಯಾಯಿತು. ಸುಳ್ಳಲ್ಲ. ನಾಲ್ಕು ಕೆ.ಜಿ. ಏನು ಮಹಾ? ಸಂತೆಯಿಂದ ತಂದ ಕುರಿಮರಿಯನ್ನು ನಾನು ಅದಕ್ಕಿಂತ ಬೇಗ ಮೈ ಹಿಡಿಸಿದ್ದೇನೆ. ತಿನ್ನಿಸುವ ಕೆಲಸ ನನಗೆ ಬರುತ್ತದೆ. ಬೇರೆ ಏನೂ ಬರುವುದಿಲ್ಲ, ಅದೊಂದು ಬರುತ್ತದೆ. ಗಾಡಿಯಲ್ಲಿ ವಾಪಸ್ಸು ಬರುವಾಗಲೇ ಏನೇನು ಬೇಯಿಸಬೇಕು ಅಂತ ತಲೆಯಲ್ಲಿ ಕುದಿಯತೊಡಗಿತ್ತು.

ಮೊದಲ ವಾರ ರೊಟ್ಟಿಯ ಮೇಲೆ ರೊಟ್ಟಿ, ಅನ್ನದ ಮೇಲೆ ಅನ್ನ ಹಾಕಿದೆ. ಹುಡುಗಿ ಹೊಟ್ಟೆ ಹಿಡಿದುಕೊಂಡು ಓಡಲಾರದೆ ಕೂತಳು. ಹರಪನಹಳ್ಳಿಯಲ್ಲಿ ಅವಳಿಗೆ ಓಟ ಕಲಿಸುವ ಮೇಷ್ಟ್ರು ಇದ್ದಾನೆ, ಒಳ್ಳೆಯ ಹುಡುಗ. ಅವನನ್ನೇ ಹೋಗಿ ಕೇಳಿದೆ.

"ಯಜ್ಜಿ, ಅನ್ನ ತಿಂದ್ರ ಹೊಟ್ಟಿ ಬರತೈತಿ, ತೋಳು ಬರಂಗಿಲ್ಲ. ಗುಂಡು ಎಸಿಬೇಕಂದ್ರ ಮಾಂಸ ಬೆಳೀಬೇಕು. ಕಾಳು, ಶೇಂಗಾ, ಮೊಟ್ಟಿ, ಹಾಲು, ಮೀನು. ದಿನಕ್ಕ ಐದು ಸಲ ಚೂರು ಚೂರು ಕೊಡ್ರಿ."

"ಡಬ್ಬ್ಯಾಗ ಪುಡಿ ಬರತೈತಂತಲ್ಲ, ಅದು?"

"ಮನ್ಯಾಗ ಇಲ್ದೋರು ತಗಂಬೇಕು ಅದನ್ನ. ನಿಮ್ಮನ್ಯಾಗ ಎಮ್ಮಿ ಐತಿ, ಕೋಳಿ ಅದಾವು, ಹೊಲ್ದಾಗ ಶೇಂಗಾ ಐತಿ. ಇನ್ನೇನು ಬೇಕು?"

ಅಷ್ಟು ಸಾಕಿತ್ತು ನನಗೆ. ಬಂದವಳೇ ಬುಟ್ಟಿ, ಗಡಿಗೆ ಎಲ್ಲ ಕೆಳಗಿಳಿಸಿದೆ.

ಹುರುಳಿಯಿಂದ ಶುರು ಮಾಡಿದೆ. ನಮ್ಮ ಕಡೆ ಹುರುಳಿ ಬೇಯಿಸುವುದು ಎತ್ತಿಗೋ ಎಮ್ಮೆಗೋ. ಬೆಂದ ಮೇಲೆ ಕಟ್ಟು ಬಸಿದು ನಮಗೆ ಸಾರು ಮಾಡುತ್ತೇವೆ, ಕಾಳನ್ನು ಬಾನಿಯಲ್ಲಿ ದನಕ್ಕೆ ಇಡುತ್ತೇವೆ. ಸಾರು ಏನು ರುಚಿ, ಏನು ಘಮ! ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಮೂರು ಮನೆ ಆಚೆಗೆ ಗೊತ್ತಾಗುತ್ತದೆ. ಆದರೆ ನೀರು ನೀರೇ. ಕಸುವೆಲ್ಲ ಬಾನಿಗೆ ಹೋಗುತ್ತಿತ್ತು. ಅದಕ್ಕೇ ನಮ್ಮ ಎಮ್ಮೆ ಹಾಗೆ ಮಿರಮಿರ ಮಿಂಚುತ್ತದೆ, ನಾವು ಹೀಗೆ ಒಣಗಿದ್ದೇವೆ. ಆವತ್ತು ಎಮ್ಮೆಗೆ ಹೊಟ್ಟು ಸುರಿದು ಕಾಳು ಒಳಗೆ ತಂದೆ. ಈರುಳ್ಳಿ, ಹಸಿಮೆಣಸಿನಕಾಯಿ, ಕೊಬ್ಬರಿ ಹಾಕಿ ಗಟ್ಟಿ ಪಲ್ಯ ಮಾಡಿ, ಸಜ್ಜೆ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟೆ.

"ಎಮ್ಮಿ ಊಟ ನನಗ ಹಾಕ್ತಿಯಲ್ಲ ಅಜ್ಜಿ," ಅಂದಳು.

"ಎಮ್ಮಿ ಎಷ್ಟು ಕೆ.ಜಿ. ಐತಿ ನೋಡಿದೇನು? ತಿನ್ನು."

ಅಲ್ಲಿಂದ ಮುಂದೆ ನನ್ನ ಒಲೆ ಆರಲೇ ಇಲ್ಲ. ಬೆಳಿಗ್ಗೆ ಓಡಿ ಬಂದ ಕೂಡಲೇ ನೆನೆಸಿದ ಶೇಂಗಾ, ಬೆಲ್ಲ. ಆಮೇಲೆ ಹೆಸರುಕಾಳು, ಮಡಿಕೆಕಾಳು ಮೊಳಕೆ ಒಡೆಸಿದ್ದು. ಬಟ್ಟೆಯಲ್ಲಿ ಕಟ್ಟಿ ಒಲೆಯ ಹಿಂದೆ ಇಟ್ಟರೆ ಬಾಲ ಬರುತ್ತದೆ. ರೊಟ್ಟಿ ಹಂಚಿನ ಮೇಲೆಯೇ ಎರಡು ಮೊಟ್ಟೆ ಒಡೆದು, ಅದು ಹಸಿ ಇರುವಾಗಲೇ ಮೇಲೆ ರೊಟ್ಟಿ ಒತ್ತಿ ತಿರುವಿ ಹಾಕಿದರೆ ರೊಟ್ಟಿಗೆ ಮೊಟ್ಟೆ ಅಂಟಿ ಬರುತ್ತದೆ. ಅದನ್ನು ಸುರುಳಿ ಸುತ್ತಿ ಕೈಗೆ ಕೊಟ್ಟರೆ ಓದುತ್ತಲೂ ತಿನ್ನಬಹುದು. ಪುಟಾಣಿ ಕಡಲೆ, ಶೇಂಗಾ, ಬಿಳಿ ಎಳ್ಳು ಹುರಿದು ಪುಡಿ ಮಾಡಿ ಡಬ್ಬಿಗೆ ತುಂಬಿದೆ. ಸಂಜೆ ಬಿಸಿ ಹಾಲಿಗೆ ಎರಡು ಚಮಚ ಹಾಕಿ ಕಲಸಿದರೆ ಗಟ್ಟಿ ಅಂಬಲಿಯ ಹಾಗೆ ಆಗುತ್ತದೆ. ಗುರೆಳ್ಳು ಚಟ್ನಿ ರೊಟ್ಟಿಗೆ, ಅಗಸಿ ಚಟ್ನಿ ಅನ್ನಕ್ಕೆ, ಮೇಲೆ ಕೆನೆ ಮೊಸರು.

ಮೀನು ನಮ್ಮೂರಿಗೆ ಹಲವಾಗಲು ಕಡೆಯಿಂದ ಬರುತ್ತದೆ. ತರುವ ಹೆಂಗಸು ಬಲು ಬಾಯಿಬಡುಕಿ. "ಏನ್ ಬೇ, ಬಸರಿ ಏನು ನಿನ್ ಮೊಮ್ಮಗಳು, ವಾರಕ್ಕ ಎರಡ್ ಸಲ ಮೀನ?" ಅಂದಳು. "ಬಸುರಾದ್ರ ನಿನಗ ಹೇಳ್ದಂಗ ಇರ್ತೀನೇನು? ದೊಡ್ಡದು ಹಾಕು," ಅಂದೆ. ಭಾನುವಾರ ಕುರಿಯ ಕಾಲು ಸುಟ್ಟು, ಮೆಣಸು ಜಜ್ಜಿ ಹಾಕಿ, ಹೊತ್ತು ಮುಳುಗುವ ತನಕ ಕುದಿಸಿದ ಸಾರು. ಅದು ಆರಿದರೆ ಗಡ್ಡೆ ಕಟ್ಟುತ್ತದೆ, ಅಷ್ಟು ಗಟ್ಟಿ.

ಹುಡುಗಿಯೂ ಸುಮ್ಮನೆ ಕೂತವಳಲ್ಲ. ಕಬ್ಬಿಣದ ಗುಂಡು ಹರಪನಹಳ್ಳಿಯಲ್ಲಿ ಮಾತ್ರ ಸಿಗುವುದು, ಅದಕ್ಕೆ ಮನೆಯ ಒರಳಿನ ಗುಂಡುಕಲ್ಲು ಎತ್ತಿಕೊಂಡು ಹಿತ್ತಲಲ್ಲಿ ಎಸೆಯುತ್ತಿದ್ದಳು. ಮೊದಮೊದಲು ಅವಳ ಕಾಲ ಹತ್ತಿರವೇ ಬೀಳುತ್ತಿತ್ತು. ಆಮೇಲೆ ಒಂದು ದಿನ ತಿಪ್ಪೆಗೆ ಹೋಗಿ ಬಿತ್ತು. ಕೋಳಿಗಳು ಹಾರಿ ಹೋದವು. ನಾನು ಕುಣಿಯುವುದೊಂದು ಬಾಕಿ. ಚಟ್ನಿ ರುಬ್ಬಲು ಕಲ್ಲು ಬೇಕಾದಾಗಲೆಲ್ಲ ತಿಪ್ಪೆ ಕೆದಕಿ ತೊಳೆದು ತರಬೇಕಾಯಿತು, ಅದು ಬೇರೆ ಮಾತು.

ಮತ್ತೆ ಮಂಡಿಗೆ ಹೋದಾಗ ನಲವತ್ತಮೂರು. ಹಮಾಲರು ಸಿಳ್ಳೆ ಹೊಡೆದರು. ಅದರ ಮುಂದಿನ ಸಲ ಹೋದಾಗಲೂ ನಲವತ್ತಮೂರು. ಇನ್ನೊಮ್ಮೆ ಹೋದಾಗ ಅದಕ್ಕಿಂತ ಒಂದು ಚೂರು ಕಡಿಮೆ!

ನನಗೆ ತಲೆ ಕೆಟ್ಟಿತು. ಇಟ್ಟಿದ್ದೆಲ್ಲ ಸಂಜೆಗೆ ಖಾಲಿಯಾಗಿರುತ್ತದೆ, ಎಲ್ಲಿಗೆ ಹೋಗುತ್ತದೆ? ಜಂತು ಇರಬಹುದು ಅಂತ ಮಾತ್ರೆ ಕೊಡಿಸಿದೆ. ಪರೀಕ್ಷೆಯ ದಿನ ಗೊತ್ತಾಗಿತ್ತು, ಇನ್ನು ಒಂದು ತಿಂಗಳೂ ಇರಲಿಲ್ಲ. ಆಗ ಒಂದು ಸೋಮವಾರ, ಶೇಂಗಾ ಬಿಡಿಸುವ ಕೂಲಿಗೆ ಹೋದವಳು ಕಾಲಿಗೆ ಮುಳ್ಳು ಚುಚ್ಚಿಕೊಂಡು ಮಧ್ಯಾಹ್ನಕ್ಕೇ ಮನೆಗೆ ಬಂದೆ. ಬೆಳಿಗ್ಗೆ ನಾನು ಮುಚ್ಚಿಟ್ಟು ಹೋದ ಕಾಳು, ಮೊಟ್ಟೆ ರೊಟ್ಟಿ, ಹಾಲು ಎಲ್ಲ ಹಾಗೆಯೇ ಇತ್ತು. ಹುಡುಗಿ ಗೋಡೆಗೆ ಒರಗಿ ಪುಸ್ತಕ ಹಿಡಿದಿದ್ದಳು, ತುಟಿ ಒಣಗಿತ್ತು.

"ಯಾಕ ಲೇ, ತಿಂದಿಲ್ಲ?"

"ಸೋಮಾರ ಅಜ್ಜಿ. ಒಪ್ಪೊತ್ತು."

"ಯಾರು ಹೇಳಿದ್ರು?"

ಅವಳು ಅಡಿಗೆಮನೆಯ ಕಡೆ ನೋಡಿದಳು. ಅಲ್ಲಿ ನನ್ನ ಸೊಸೆ ಇದ್ದಳು, ಹುಡುಗಿಯ ತಾಯಿ. ಹಡಗಲಿ ಕಡೆಯವಳು, ದೇವರ ಮೇಲೆ ಭಕ್ತಿ ಜಾಸ್ತಿ. ಮಗಳಿಗೆ ಕೆಲಸ ಆಗಲಿ ಅಂತ ಹರಕೆ ಹೊತ್ತಿದ್ದಾಳೆ, ಮಗಳ ಹೆಸರಿನಲ್ಲೇ. ಕೆಲಸದ ಕಾಗದ ಕೈಗೆ ಬರುವ ತನಕ ಸೋಮವಾರ ಒಂದು ದೇವರಿಗೆ, ಶನಿವಾರ ಒಂದು ದೇವರಿಗೆ ಒಪ್ಪೊತ್ತು. ಹಗಲೆಲ್ಲ ಉಪವಾಸ, ಸಂಜೆ ದೀಪ ಹಚ್ಚಿದ ಮೇಲೆ ಒಂದು ಊಟ, ಅದೂ ಸಪ್ಪೆ. ಹಗಲು ನಾನು ಹೊಲದಲ್ಲಿರುತ್ತೇನೆ, ಸಂಜೆಯ ಊಟ ಮಾತ್ರ ನೋಡುತ್ತೇನೆ, ಇಟ್ಟು ಹೋದದ್ದನ್ನು ನಾನು ಬರುವುದರೊಳಗೆ ಇವರು ತೆಗೆದುಬಿಡುತ್ತಿದ್ದರು, ನನಗೆ ಹೇಗೆ ಗೊತ್ತಾಗಬೇಕು? ಮೇಲೆ ಓಟ ಬೇರೆ. ನಾನು ಐದು ದಿನ ತುಂಬಿದ್ದನ್ನು ಇವರು ಎರಡು ದಿನದಲ್ಲಿ ಖಾಲಿ ಮಾಡುತ್ತಿದ್ದರು.

"ನಿನಗೇನರ ಬುದ್ಧಿ ಐತೇನು? ತೂಕ ಬೇಕಂದ್ರ ಉಪಾಸ ಕೆಡವಿಯಲ್ಲ!" ಅಂದೆ.

"ಬರೇ ತಿಂದ್ರ ಕೆಲಸ ಸಿಗತೈತೇನತ್ತಿ? ದೇವ್ರು ಬ್ಯಾಡೇನು?"

"ದೇವ್ರು ಬಂದು ತಕ್ಕಡಿ ಮ್ಯಾಲೆ ಕಾಲಿಡ್ತಾನೇನು?"

"ಹಂಗೆಲ್ಲ ಅನಬ್ಯಾಡ್ರಿ. ಬರಿಯೋ ಪರೀಕ್ಷಿ ಪಾಸಾಗಿದ್ದು ಯಾರಿಂದ? ಈಗ ನಡುವ ಬಿಟ್ರ ಅಪವಾದ ಯಾರಿಗೆ ಬರತೈತಿ?"

ಅವಳ ಕಣ್ಣಲ್ಲಿ ನೀರು ಬಂತು. ಹುಡುಗಿಯೂ ಹೆದರಿದ್ದಳು, ಹರಕೆ ಮುರಿದರೆ ಕೆಲಸ ತಪ್ಪುತ್ತದೆ ಅಂತ. ಹೆದರಿಕೊಂಡು ತಿಂದರೆ ಹಾಲೂ ಮೈಗೆ ಹತ್ತುವುದಿಲ್ಲ. ಬೈದು ಉಪಯೋಗವಿಲ್ಲ ಅಂತ ನನಗೆ ತಿಳಿಯಿತು. ಹರಕೆ ಮುರಿಯಬಾರದು, ಹುಡುಗಿ ಹಸಿಯಬಾರದು.

ಹರಕೆ ಹೊತ್ತವರ ಕೈಗೆ ನಮ್ಮಲ್ಲಿ ಅರಿಶಿನದ ಕೊಂಬು ಕಟ್ಟುತ್ತಾರೆ. ಹುಡುಗಿಯ ಎಡಗೈಯಲ್ಲಿ ಅದಿತ್ತು. ಓಟದವರು ಕಟ್ಟುವ ಯಾವುದೋ ದಾರ ಅಂತ ನಾನು ಅಂದುಕೊಂಡಿದ್ದೆ. ಹೊತ್ತವರಿಗೆ ಜ್ವರವೋ ಬಾಣಂತನವೋ ಬಂದರೆ, ಮನೆಯ ಇನ್ನೊಬ್ಬರು ಆ ದಾರ ಬಿಚ್ಚಿ ತಮ್ಮ ಕೈಗೆ ಕಟ್ಟಿಕೊಂಡು ಹರಕೆ ನಡೆಸುವುದುಂಟು. ಜಡ್ಡಾದರೆ ನಡೆಯುತ್ತದೆ ಅಂದಮೇಲೆ ತೂಕ ಕಡಿಮೆ ಇರುವುದೂ ಒಂದು ಜಡ್ಡೇ.

"ಕೈ ಇತ್ತ ತಾ," ಅಂದೆ ಹುಡುಗಿಗೆ. ದಾರ ಬಿಚ್ಚಿದೆ. "ಸೋಮಾರ ನಾನು ಹಿಡಿತೀನಿ. ಶನಿವಾರ ನೀ ಹಿಡಿ," ಅಂತ ಸೊಸೆಗೆ ಹೇಳಿದೆ.

"ಪೂಜಾರಪ್ಪನ್ನ ಒಂದ್ ಮಾತು ಕೇಳಬೇಕಿತ್ತತ್ತಿ..."

"ದೇವ್ರಿಗೆ ಬೇಕಾಗಿದ್ದು ಒಂದು ಹಸಿದ ಹೊಟ್ಟಿ. ಯಾರದಾದ್ರೇನು? ಬ್ಯಾಡಾದ್ರ ಬಂದು ನನಗ ಹೇಳ್ಲಿ. ನೀ ಗಂಟು ಹಾಕು."

ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಕೈಗೆ ಗಂಟು ಹಾಕಿದಳು, ಬಿಗಿಯಾಗಿಯೇ ಹಾಕಿದಳು. ಅವಳ ಕೈಗೆ ಇನ್ನೊಂದು ಕೊಂಬು ನಾನು ಕಟ್ಟಿದೆ. ಹುಡುಗಿ ಅಲ್ಲಿಯೇ ಕೂತು ಮೊಟ್ಟೆ ರೊಟ್ಟಿ, ಕಾಳು, ಹಾಲು ಎಲ್ಲ ಮುಗಿಸಿದಳು. ತಟ್ಟೆಯನ್ನೂ ಬೆರಳಲ್ಲಿ ಒರೆಸಿದಳು.

ಹಸಿದು ಅಡಿಗೆ ಮಾಡುವುದು ಸುಲಭವಲ್ಲ ಅಂತ ಆ ಸೋಮವಾರಗಳಲ್ಲಿ ಗೊತ್ತಾಯಿತು. ಶೇಂಗಾ ಹುರಿಯುವಾಗ ಕೈ ತಾನೇ ಬಾಯಿಗೆ ಹೋಗುತ್ತದೆ. ನನಗೆ ಸಿಟ್ಟು ಬರುತ್ತದೆ, ಕೋಳಿಗೂ ಬೈಯುತ್ತೇನೆ. ಸೊಸೆ ಒಳಗೊಳಗೇ ನಗುತ್ತಿದ್ದಳು. ಶನಿವಾರ ಬಂದರೆ ಅವಳ ಮುಖ ಸುಂಡಿರುತ್ತಿತ್ತು, ಆಗ ನಾನು ನಗುತ್ತಿದ್ದೆ. ಹಾಗೆ ಇಬ್ಬರೂ ಒಂದೇ ಕೆಲಸಕ್ಕೆ ಬಿದ್ದೆವು. ಕಾಳಿನ ಜೊತೆ ಪನೀರು ಅನ್ನುವುದನ್ನು ಅವಳು ಫೋನಿನಲ್ಲಿ ನೋಡಿ ಕಲಿತಳು. ಎಮ್ಮೆ ಹಾಲಿಗೆ ನಿಂಬೆ ಹಿಂಡಿ ಒಡೆಸಿದಾಗ ಹಾಲು ಕೆಡಿಸಿದಳು ಅಂತ ತಲೆ ಚಚ್ಚಿಕೊಂಡೆ. ಬಟ್ಟೆಯಲ್ಲಿ ಕಟ್ಟಿ ಕಲ್ಲಿಟ್ಟು ಒತ್ತಿದ ಮೇಲೆ ಉಪ್ಪು, ಖಾರ ಸವರಿ ಹಂಚಿನ ಮೇಲೆ ಕೆಂಪಗೆ ಮಾಡಿದಳು. ಚೂರು ತಿಂದು ನೋಡಿದೆ. ಚೆನ್ನಾಗಿತ್ತು. ಚೆನ್ನಾಗಿದೆ ಅಂತ ಹೇಳಿದೆ ಕೂಡ.

ಪರೀಕ್ಷೆ ಜಿಲ್ಲೆಯ ದೊಡ್ಡ ಮೈದಾನದಲ್ಲಿ. ಅದೂ ಸೋಮವಾರವೇ ಬಂತು. ಕೂಡ್ಲಿಗಿ ಮೇಲಿನ ಬಸ್ಸಿಗೆ ಮೂವರೂ ಹೋದೆವು. ಗೇಟಿನ ಹೊರಗೆ ಹುಡುಗಿಯರ ಜಾತ್ರೆಯೇ ನೆರೆದಿತ್ತು. ತೂಕ ಸಾಲದವರೆಲ್ಲ ಬಾಳೆಹಣ್ಣು ತುರುಕಿಕೊಳ್ಳುತ್ತಿದ್ದರು, ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದರು. ಸೊಸೆಗೂ ಗಾಬರಿ ಹತ್ತಿತು.

"ಅತ್ತಿ, ನಮ್ಮಾಕಿಗೂ ಒಂದ್ ಬಾಟ್ಲಿ ಕುಡಿಸ್ಲೇನು?"

"ಆಮ್ಯಾಲೆ ಓಡಬೇಕಲ್ಲ, ಕೊಡದಂಗ ಗುಳುಗುಳು ಅನ್ನಾಕೇನು? ಬ್ಯಾಡ. ತಿಂದಿದ್ದು ಮೈಯಾಗ ಐತಿ."

ಬಾಯಲ್ಲಿ ಹಾಗೆ ಅಂದೆ. ನನಗೂ ಖಾತ್ರಿ ಇರಲಿಲ್ಲ. ಕಡೆಯ ಹದಿನೈದು ದಿನ ನಾವು ಮಂಡಿಗೆ ಹೋಗಿರಲಿಲ್ಲ. ಸುಗ್ಗಿ ಮುಗಿದು ತಕ್ಕಡಿ ಒಳಗಿಟ್ಟಿದ್ದರು. ಎಷ್ಟಿದ್ದಾಳೋ ದೇವರಿಗೇ ಗೊತ್ತು.

ಹುಡುಗಿ ಒಳಗೆ ಹೋದಳು. ನಾವು ತಂತಿಬೇಲಿ ಹಿಡಿದು ನಿಂತೆವು. ಅಳುತ್ತಾ ಹೊರಗೆ ಬರುವ ಹುಡುಗಿಯರನ್ನು ನೋಡಿದಾಗಲೆಲ್ಲ ಸೊಸೆ ನನ್ನ ತೋಳು ಚಿವುಟುತ್ತಿದ್ದಳು. ನಮ್ಮವಳು ಬರಲೇ ಇಲ್ಲ. ಬರದಿರುವುದು ಒಳ್ಳೆಯದು ಅಂತ ನಮಗೆ ತಡವಾಗಿ ಹೊಳೆಯಿತು. ಆಮೇಲೆ ದೂರದಲ್ಲಿ ಓಟದ ಸಾಲು ಕಾಣಿಸಿತು. ಎದೆಗೆ ನಂಬರಿನ ಚೀಟಿ ಅಂಟಿಸಿಕೊಂಡು ನಮ್ಮ ಹುಡುಗಿ ನಿಂತಿದ್ದಳು!

"ಓಡಲೇ! ಓಡು, ನಿನ್ನವ್ವನ, ಓಡು!" ಅಂತ ಕಿರುಚಿದೆ. ಕಾವಲಿನ ಪೊಲೀಸ್ ಹೆಂಗಸು "ಯಜ್ಜೀ, ಮೆಲ್ಲಕ!" ಅಂದಳು. ನಾನೆಲ್ಲಿ ಮೆಲ್ಲಗಾಗಲಿ! ಅವಳು ಮೂರನೆಯವಳಾಗಿ ಗೆರೆ ದಾಟಿದಳು. ಗುಂಡು ಎಸೆದಿದ್ದು ನಮಗೆ ಕಾಣಲಿಲ್ಲ. ಹೊರಗೆ ಬಂದವಳು ತನ್ನ ತಾಯಿಯನ್ನು ಸೊಂಟ ಹಿಡಿದು ಎತ್ತಿ ಒಂದು ಸುತ್ತು ತಿರುಗಿಸಿದಳು, ಅದರಲ್ಲೇ ಗೊತ್ತಾಯಿತು.

"ತೂಕ? ತೂಕ ಎಷ್ಟು?" ಅಂದೆ.

"ನಲವತ್ತಾರು ಅಜ್ಜಿ! ಮ್ಯಾಲೊಂದು ಚೂರು!"

ಆಯ್ಕೆಯ ಪಟ್ಟಿ ಇನ್ನೂ ಬರಬೇಕು. ಬರುವ ತನಕ ಒಪ್ಪೊತ್ತು ನಮ್ಮಿಬ್ಬರದು. ಆವತ್ತು ನನ್ನ ಸೋಮವಾರ, ಅವರಿಬ್ಬರೂ ನನ್ನೆದುರಿಗೇ ಮಿರ್ಚಿ ಮಂಡಕ್ಕಿ ತಿಂದರು, ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಬಸ್ಸು ಹತ್ತಿದ ಕೂಡಲೇ ಹುಡುಗಿ ಬಾಯಿ ತೆರೆದು ನಿದ್ದೆ ಹೋದಳು, ತಲೆ ತಂದು ನನ್ನ ಹೆಗಲ ಮೇಲೆ ಹಾಕಿದಳು. ಕೂಡ್ಲಿಗಿ ಬರುವಷ್ಟರಲ್ಲಿ ಅವಳ ಭಾರಕ್ಕೆ ನನ್ನ ತೋಳು ಜೋಮು ಹಿಡಿಯಿತು. ಅವಳ ತಲೆಯನ್ನು ಅತ್ತ ಕಿಟಕಿಯ ಕಡೆಗೆ ದಬ್ಬಿದೆ.