ಆಪರೇಟರ್ ಮಾವ ಆರಿಸಿದ ಪರದೆ

ನಮ್ಮ ಸೋದರಮಾವನನ್ನು ಮನೆಮಂದಿಯೆಲ್ಲ ಕರೆಯುವುದು ಆಪರೇಟರ್ ಎಂದೇ. ಹರೆಯದಲ್ಲಿ ಅವರು ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದರಂತೆ. ಮನೆಯಲ್ಲಿ ಒಂದು ಬಲ್ಬು ಮಿಣುಕಿದರೂ ಸಾಕು, "ಆಗ ಕ್ಯಾಬಿನ್ ಒಳಗೆ ಏನಾಗ್ತಿತ್ತು ಅಂದ್ರೆ..." ಎಂದು ಶುರು ಹಚ್ಚಿಕೊಳ್ಳುತ್ತಿದ್ದರು. ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಿತ್ತು. ಆದರೂ ಅಮ್ಮನಿಗಾಗಿ ಮನೆಯಲ್ಲೇ ಪುಟ್ಟ ಪ್ರೊಜೆಕ್ಟರ್ ಇಟ್ಟು ಸಿನಿಮಾ ಹಾಕೋಣವೆಂದು ಹೊರಟಾಗ, ಪರದೆ ಆರಿಸಲು ನಾನು ಕರೆದದ್ದು ಅವರನ್ನೇ.

ಅಮ್ಮನಿಗೆ ಸಿನಿಮಾ ಎಂದರೆ ಪ್ರಾಣ. ಸೊಂಟ ಮುರಿದುಕೊಂಡ ಮೇಲೆ ಟಾಕೀಸಿನ ಮೆಟ್ಟಿಲು ಹತ್ತಿದವಳಲ್ಲ. ಮನೆಯ ಹಾಲಿನಲ್ಲಿ ಅವಳ ಜಾಗ ಒಂದು ಬದಿಯ ಗೋಡೆಗೆ ಒತ್ತಿ ಹಾಕಿದ ಎತ್ತರದ ಕುರ್ಚಿ. ಗೋಡೆಗೆ ಕೂರಿಸಿದ ಕಬ್ಬಿಣದ ಹಿಡಿ ಹಿಡಿದು ಅಲ್ಲಿಂದ ಮಾತ್ರ ಅವಳು ತಾನಾಗಿ ಏಳಬಲ್ಲಳು.

ಅಂಗಡಿಯವನು ಬೇರೆ ಬೇರೆ ಪರದೆಗಳ ತುಂಡುಗಳನ್ನು ಮೇಜಿನ ಮೇಲೆ ಹರವಿದ. ಒಂದು ಮಾಮೂಲಿ ಬಿಳಿ, ಒಂದು ಬೂದು, ಒಂದು ಫಳಫಳ ಹೊಳೆಯುವಂಥದ್ದು.

"ಮನೇಲಿ ಯಾರ್ಯಾರು ಎಲ್ಲೆಲ್ಲಿ ಕೂರ್ತಾರೆ ಸಾರ್?" ಎಂದು ಕೇಳಿದ.

ಮಾವನ ಮುಖ ಕೆಂಪಗಾಯಿತು. "ಕೂರೋ ವಿಷಯ ನನ್ನ ಹತ್ರ ಯಾಕ್ರೀ ಕೇಳ್ತೀರಿ? ನಾನು ಆಪರೇಟರ್ ಆಗಿದ್ದೋನು. ಬೆಳಕಿನ ಮಾತಾಡಿ."

"ಹಾಗಲ್ಲ ಸಾರ್, ಈ ಹೊಳಪಿಂದು ಎದುರಿಗೆ ಕೂತೋರಿಗೆ ಚೆನ್ನಾಗಿರತ್ತೆ. ಪಕ್ಕದಿಂದ ನೋಡಿದ್ರೆ..."

"ನಂಗೇ ಪಾಠ ಹೇಳ್ತೀರಾ? ಅದನ್ನೇ ಕಟ್ಟಿ."

ನಾನು ಅಲ್ಲೇ ನಿಂತಿದ್ದೆ. ಅಮ್ಮನ ಕುರ್ಚಿ ನೆನಪಾಯಿತು, ಆದರೆ ತುಟಿ ಪಿಟಕ್ಕೆನ್ನಲಿಲ್ಲ. ಮಾವ ಒಮ್ಮೆ ಮುನಿಸಿಕೊಂಡರೆ ಸಮಾಧಾನ ಮಾಡುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಭಾನುವಾರ ಸಿನಿಮಾ ಹಾಕಿದೆವು. ಸೋಫಾದಲ್ಲಿ ಕೂತವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಮಾವ ಉಬ್ಬಿಹೋದರು. "ಹೇಗಿದೆಯಕ್ಕಾ?" ಎಂದರೆ ಅಮ್ಮ, "ತುಂಬಾ ಚೆನ್ನಾಗಿದೆ ಕಣೋ" ಎಂದಳು.

ಮರುದಿನ ಮಧ್ಯಾಹ್ನ ಅಮ್ಮ ಒಳಗೆ ಮಲಗಿದ್ದಳು. ಮಾವ ಕಿಟಕಿ ಮುಚ್ಚಿ ಅದೇ ಸಿನಿಮಾ ಮತ್ತೆ ಹಾಕಿದರು. ಸೋಫಾದ ತುಂಬ ಒಗೆದ ಬಟ್ಟೆ ಬಿದ್ದಿತ್ತು, ಹಾಗಾಗಿ ಅಮ್ಮನ ಕುರ್ಚಿಯಲ್ಲಿ ಕೂತರು. ನಾನು ಕಾಫಿ ಹಿಡಿದು ಬರುವಾಗ ಅವರು ಎದ್ದು ಸೋಫಾದ ಮುಂದೆ ನಿಂತು ನೋಡುತ್ತಿದ್ದರು. ಮತ್ತೆ ಹೋಗಿ ಕುರ್ಚಿಯಲ್ಲಿ ಕೂತರು. ನಾನೂ ಅವರ ಪಕ್ಕ ಬಗ್ಗಿ ನೋಡಿದೆ. ನಾಯಕಿಯ ಮುಖಕ್ಕೆ ಮಸಿ ಬಳಿದಂತಿತ್ತು, ಕಣ್ಣು ಮೂಗು ಏನೂ ಗೊತ್ತಾಗುತ್ತಿರಲಿಲ್ಲ.

"ನಿಮ್ಮಮ್ಮ ನಿನ್ನೆ ಸಿನಿಮಾ ನೋಡೇ ಇಲ್ಲ ಕಣೇ. ಬರೀ ಕೇಳಿಸ್ಕೊಂಡು ಕೂತಿದ್ಲು," ಎಂದರು. ಕಾಫಿ ಮುಟ್ಟಲಿಲ್ಲ. ನನಗೂ ನೆಲ ನೋಡುವಂತಾಯಿತು.

ಸದ್ದಿಗೆ ಎಚ್ಚರವಾಗಿ ಅಮ್ಮ ವಾಕರ್ ಹಿಡಿದು ಹೊರಗೆ ಬಂದಳು. ಮಾವ ತಲೆ ಎತ್ತಲಿಲ್ಲ.

"ಅಕ್ಕಾ, ನಾನು ಆಪರೇಟರ್ ಆಗಿರ್ಲಿಲ್ಲ. ಕ್ಯಾಬಿನ್ ಒಳಗೆ ಕಾಲೇ ಇಟ್ಟೋನಲ್ಲ. ಟಾರ್ಚ್ ಹಿಡ್ಕೊಂಡು ಜನಕ್ಕೆ ಸೀಟು ತೋರಿಸ್ತಿದ್ದೆ, ಅಷ್ಟೆ. ಎಲ್ಲಿ ಕೂತ್ರೆ ಕಾಣತ್ತೆ, ಎಲ್ಲಿ ಕೂತ್ರೆ ಕಾಣಲ್ಲ, ಅದೊಂದೇ ನಂಗೆ ಗೊತ್ತಿದ್ದಿದ್ದು. ಅಂಗಡಿಯೋನು ಅದನ್ನೇ ಕೇಳ್ದ. ಎಲ್ಲಿ ಗುಟ್ಟು ಬಯಲಾಗತ್ತೋ ಅಂತ ಅವನ ಬಾಯಿ ಮುಚ್ಚಿಸ್ಬಿಟ್ಟೆ."

"ಗೊತ್ತು ಕಣೋ," ಎಂದಳು ಅಮ್ಮ.

ಮಾವ ಅವಳ ಮುಖ ನೋಡಿದರು.

"ಒಂದ್ಸಲ ನಿಂಗೆ ಹೇಳ್ದೆ ನಿನ್ನ ಟಾಕೀಸಿಗೆ ಬಂದಿದ್ದೆ. ಬರೋಷ್ಟರಲ್ಲಿ ಸಿನಿಮಾ ಶುರುವಾಗಿತ್ತು. ಕತ್ತಲಲ್ಲಿ ಗೋಡೆ ಪಕ್ಕದ ಸೀಟಿಗೆ ಹೋಗ್ತಿದ್ದೆ. 'ಅಲ್ಲಿ ಬೇಡಮ್ಮಾ, ಅಲ್ಲಿಂದ ಸರಿಯಾಗಿ ಕಾಣಲ್ಲ, ಈ ಕಡೆ ಬನ್ನಿ' ಅಂತ ನೀನೇ ನಡುವೆ ಕೂರಿಸ್ದೆ. ಟಾರ್ಚನ್ನ ನನ್ನ ಕಾಲಡಿಗೆ ಹಿಡಿದಿದ್ದೆ, ಮುಖಕ್ಕೆ ಹಿಡೀಲಿಲ್ಲ. ಆವತ್ತು ಸಿನಿಮಾ ಬಹಳ ಚೆನ್ನಾಗಿ ಕಂಡಿತ್ತು."

ಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಮ್ಮ ಅವರ ಭುಜದ ಮೇಲೆ ಕೈಯಿಟ್ಟು ನಿಂತಳು.

ಸಂಜೆ ಪರದೆ ಸುತ್ತಿಕೊಂಡು ಮತ್ತೆ ಅಂಗಡಿಗೆ ಹೋದೆವು. ಅಂಗಡಿಯವನು ಏನಾದರೂ ಕೇಳುವ ಮೊದಲೇ ಮಾವ ಮಾಮೂಲಿ ಬಿಳಿ ತುಂಡನ್ನು ಎಳೆದುಕೊಂಡು, ಓರೆಯಾಗಿ ನಿಂತು ಅದನ್ನು ನೋಡಿದರು.

"ನಮ್ಮಕ್ಕ ಗೋಡೆ ಪಕ್ಕ ಕೂರ್ತಾಳೆ ರೀ," ಎಂದರು.