ಮೋತ್ಯಾನಿಗೆ ಮೊದಲ ಹಿಡಿ

ನಾನು ಚಿಕ್ಕವನಿದ್ದಾಗ ನನಗೊಬ್ಬ ವೈರಿಯಿದ್ದ. ಅವನಿಗೆ ನಾಲ್ಕು ಕಾಲು, ಒಂದು ಬಾಲ, ಮೈತುಂಬ ಕಪ್ಪು ಕೂದಲು. ಹೆಸರು ಮೋತ್ಯಾ. ನಮ್ಮ ಮನೆಯ ನಾಯಿ. ನೀವು ನಗುತ್ತೀರಿ, ನಗಿರಿ. ನಾಯಿಯ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ಕೇಳಿದರೆ, ನಾನು ಪಟ್ಟಿದ್ದೇನೆ. ಊಟ ಸೇರದಷ್ಟು ಪಟ್ಟಿದ್ದೇನೆ.

ಸುರಪುರದ ಗುಡ್ಡದ ಬುಡದಲ್ಲಿ ನಮ್ಮದು ಕಲ್ಲಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಬೇಸಿಗೆ ಬಂತೆಂದರೆ ಗುಡ್ಡದ ಬಂಡೆಗಳಿಂದ ಮಂಗಗಳು ಹಿಂಡುಹಿಂಡಾಗಿ ಇಳಿಯುತ್ತಿದ್ದವು. ಅಲ್ಲಿ ಮೇಲೆ ತಿನ್ನಲು ಏನೂ ಇರುತ್ತಿರಲಿಲ್ಲ, ನಮ್ಮ ಮಾಳಿಗೆಯ ಮೇಲೆ ಎಲ್ಲ ಇರುತ್ತಿತ್ತು. ಅವ್ವ ಗೋಧಿಯನ್ನು ಮೂರು ದಿನ ನೆನೆಸಿ, ರುಬ್ಬಿ, ಹಾಲು ತೆಗೆದು, ಕುದಿಸಿ, ಶಾವಿಗೆಯ ಹಾಗೆ ಒತ್ತಿ, ಹಳೆಯ ಧೋತರದ ಮೇಲೆ ಕುರುಡಿಗೆ ಎಂಬ ಸಂಡಿಗೆ ಒಣಹಾಕುತ್ತಿದ್ದಳು. ಅದರ ಹುಳಿ ಹುಳಿ ವಾಸನೆ ಓಣಿಯ ಆ ತುದಿಗೂ ಹೋಗುತ್ತಿತ್ತು. ಅರ್ಧ ಒಣಗಿದ ಕುರುಡಿಗೆ ತಿಂದಿದ್ದೀರಾ? ಮೇಲೆ ಗರಿ, ಒಳಗೆ ಮೆತ್ತಗೆ. ಹಲ್ಲಿಗೆ ಅಂಟಿಕೊಂಡು ಒಂದು ತಾಸು ಬಾಯಲ್ಲೇ ಇರುತ್ತದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಾಳಿಗೆಯ ಕಾವಲು ಕಾದವರಿಗೆ ಕುರುಡಿಗೆಯ ಮೊದಲ ಹಿಡಿ. ಅವರು ತಿಂದ ಮೇಲೆಯೇ ಉಳಿದವರಿಗೆ, ಅಪ್ಪನಿಗೂ ಸಹ. ಎರಡು ಬೇಸಿಗೆ ಆ ಹಿಡಿ ನನ್ನದಾಗಿತ್ತು. ಅಪ್ಪ ನನಗೆ ಪುಂಡಿನಾರು ಹೊಸೆದು ಕವಣಿ ಮಾಡಿಕೊಟ್ಟಿದ್ದ. ಬೆಳೆ ನಿಂತಾಗ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು, ಬೇಸಿಗೆಯಲ್ಲಿ ಮಂಗ ಓಡಿಸಲು ಅದೇ. ಕಲ್ಲಿಟ್ಟು ತಲೆಯ ಮೇಲೆ ಗಿರಗಿರ ತಿರುಗಿಸಿ ಬಿಟ್ಟರೆ ಚಟಾರ್ ಎನ್ನುತ್ತಿತ್ತು. ಆಗ ನಾನೇ ಸುರಪುರದ ರಾಜ.

ಆಮೇಲೆ ಮೋತ್ಯಾ ಬಂದ. ಅಪ್ಪ ಕೆಂಭಾವಿ ಸಂತೆಯಿಂದ ಬರುವಾಗ ಕಂಬಳಿಯಲ್ಲಿ ಸುತ್ತಿಕೊಂಡು ತಂದ ಮರಿ ಅದು. ಅಕ್ಕ ಅದಕ್ಕೆ ತನ್ನ ಪಾಲಿನ ಹಾಲು ಕುಡಿಸಿ ಬೆಳೆಸಿದಳು. ವರ್ಷ ತುಂಬುವುದರಲ್ಲಿ ಅದು ಮಾಳಿಗೆ ಏರಿ ಕೂತಿತು. ಒಂದು ಸಲ ಬೊಗಳಿದರೆ ಸಾಕು, ಮಂಗಗಳು ತಿರುಗಿ ನೋಡದೆ ಓಡುತ್ತಿದ್ದವು. ಒಂದು ದಿನ ಅಕ್ಕ ನನ್ನ ಕಣ್ಣೆದುರೇ ಮೊದಲ ಹಿಡಿಯನ್ನು ಮೋತ್ಯಾನ ಮುಂದೆ ಇಟ್ಟಳು.

"ಅದು ನಂದು!" ಎಂದೆ.

"ನೀ ಕಲ್ಲ ಹುಡಿಕಿ ಕವಣಿ ಬೀಸೂದ್ರಾಗ ಮಂಗ್ಯಾ ತಿಂದು ಗುಡ್ಡಾ ಹತ್ತಿರ್ತಾವ," ಎಂದು ಅಕ್ಕ ನಕ್ಕಳು. "ಕಾದಂವ ಯಾರು? ಮೋತ್ಯಾ. ಮೊದಲ ಹಿಡಿ ಮೋತ್ಯಾಗ."

ಅಪ್ಪನೂ ನಕ್ಕ. ಅದು ನನ್ನನ್ನು ಹೆಚ್ಚು ಉರಿಸಿತು.

ಮರುದಿನ ಬೆಳಿಗ್ಗೆ ಅವ್ವ ಮಾಳಿಗೆಯ ತುಂಬ ಕುರುಡಿಗೆ ಹಾಕಿ ಕೆಳಗಿಳಿದು ಒಲೆಯ ಮುಂದೆ ಕೂತಳು. ಅಪ್ಪ ಹೊಲಕ್ಕೆ, ಅಕ್ಕ ಬಾವಿಗೆ ಹೋದರು. ನಾನು ಮೋತ್ಯಾನನ್ನು ರೊಟ್ಟಿ ತೋರಿಸಿ ಹಿತ್ತಲಿಗೆ ಕರೆದು, ಗೂಟಕ್ಕೆ ಕಟ್ಟಿದೆ. ಮಂಗಗಳು ಬರಲಿ, ನಾನೊಬ್ಬನೇ ಓಡಿಸುತ್ತೇನೆ, ಎಲ್ಲರೂ ನೋಡಲಿ ಎಂಬುದು ನನ್ನ ಲೆಕ್ಕ. ಹಗ್ಗಗಳೆಲ್ಲ ಎತ್ತುಗಳ ಜೊತೆ ಹೊಲಕ್ಕೆ ಹೋಗಿದ್ದವು. ಅದಕ್ಕೆ ಕೈಯಲ್ಲಿದ್ದ ಕವಣಿಯಿಂದಲೇ ಕಟ್ಟಿದೆ.

ನನ್ನ ಬುದ್ಧಿವಂತಿಕೆ ನೋಡಿ! ಮಾಳಿಗೆ ಹತ್ತಿ ಎದೆ ಸೆಟೆದು ನಿಂತ ಮೇಲೆ ನೆನಪಾಯಿತು, ಕವಣಿ ನಾಯಿಯ ಕೊರಳಲ್ಲಿದೆ. ಅಷ್ಟರಲ್ಲಿ ಮಂಗಗಳು ಗೋಡೆ ಏರಿಯಾಗಿತ್ತು. ಒಂದೆರಡಲ್ಲ, ಇಡೀ ಸಂಸಾರ. ನಾನು "ಹೋ" ಎಂದು ಕೂಗಿದೆ. ದೊಡ್ಡ ಗಂಡು ಮಂಗವೊಂದು ಹಲ್ಲು ತೋರಿಸಿ ನನ್ನ ಕಡೆಗೇ ಬಂತು. ನಾನು ಮೆಟ್ಟಿಲು ಇಳಿದದ್ದೋ ಉರುಳಿದ್ದೋ ಗೊತ್ತಿಲ್ಲ, ಕಣ್ಣು ಬಿಟ್ಟಾಗ ದನದ ಕೊಟ್ಟಿಗೆಯಲ್ಲಿ ಮೇವಿನ ಹಿಂದೆ ಕೂತಿದ್ದೆ. ಹಿತ್ತಲಲ್ಲಿ ಮೋತ್ಯಾ ಕೊರಳು ಹರಿದುಕೊಳ್ಳುವಂತೆ ಜಗ್ಗುತ್ತ ಬೊಗಳುತ್ತಿತ್ತು. ಅವ್ವ ಲಟ್ಟಣಿಗೆ ಹಿಡಿದು ಮೇಲೆ ಓಡುವಷ್ಟರಲ್ಲಿ ಧೋತರವನ್ನೂ ಎಳೆದುಕೊಂಡು ಮಂಗಗಳು ಗುಡ್ಡ ಸೇರಿದ್ದವು.

ಅಕ್ಕ ನೀರಿನ ಕೊಡ ಹೊತ್ತು ಹಿತ್ತಲ ಬಾಗಿಲಿನಿಂದ ಬಂದಳು. ಮೋತ್ಯಾನನ್ನು ನೋಡಿದಳು, ಕವಣಿಯನ್ನು ನೋಡಿದಳು. ಕೊಡ ಇಳಿಸಿ ಗಂಟು ಬಿಚ್ಚಿದಳು. ಕೊರಳ ಕೂದಲ ಕೆಳಗೆ ಚರ್ಮ ಕೆಂಪಾಗಿ ಸುಲಿದಿತ್ತು, ಅಲ್ಲಿ ಅರಿಶಿನ ಎಣ್ಣೆ ಸವರಿದಳು. ಕವಣಿಯನ್ನು ತಂದು, ಗೋಡೆಯಲ್ಲಿ ನಾನು ಅದನ್ನು ತೂಗುಹಾಕುವ ಗೂಟಕ್ಕೆ ನೇತುಹಾಕಿದಳು.

ಮಧ್ಯಾಹ್ನ ಅಪ್ಪ ಊಟಕ್ಕೆ ಬಂದಾಗ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೂರು ದಿನದ ದುಡಿತ ಅದು.

"ನಾಯಿ ಎಲ್ಲಿ ಹೋಗಿತ್ತು?" ಎಂದ ಅಪ್ಪ. "ಕಾಯಾಕ ಬರಲಾರದ ನಾಯಿ ಮನ್ಯಾಗ ಯಾಕ? ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸಿನ್ಯಾಗ ಒಬ್ಬರು ಕೇಳಾಕತ್ತಾರ. ನಾಳಿ ಬಿಟ್ಟು ಬರ್ತೀನಿ."

ನಾನು ಬಯಸಿದ್ದು ಇದೇ ಅಲ್ಲವೇ? ಸುಮ್ಮನಿದ್ದರೆ ಸಾಕಿತ್ತು. ಮೊದಲ ಹಿಡಿ ಮತ್ತೆ ನನ್ನದು. ಮಾತೇ ಬಾರದ ನಾಯಿ ನನ್ನ ಹೆಸರು ಹೇಳುವುದಿಲ್ಲ. ಅಕ್ಕನ ಕಣ್ಣು ತುಂಬಿತ್ತು. ನೀರು ಕೊಡುವ ನೆಪದಲ್ಲಿ ನನ್ನ ಪಕ್ಕ ಬಗ್ಗಿ, ನನಗಷ್ಟೇ ಕೇಳುವಂತೆ ಅಂದಳು, "ನಾ ಹೇಳಂಗಿಲ್ಲ ತಮ್ಮಾ. ನೀನ ಹೇಳು."

ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟೆ. ಬಾಗಿಲಲ್ಲಿ ಮೋತ್ಯಾ ಮುಂಗಾಲಿನ ಮೇಲೆ ತಲೆಯಿಟ್ಟು ಮಲಗಿತ್ತು.

"ಅಪ್ಪಾ, ಮೋತ್ಯಾಂದು ತಪ್ಪಿಲ್ಲ. ನಾನ ಕಟ್ಟಿದ್ದೆ. ಕವಣೀಲೆ."

"ಯಾಕೋ?"

"ಎಲ್ಲಾರೂ ಅದಕ್ಕ ಮೊದಲ ಹಿಡಿ ಕೊಡ್ತೀರಿ," ಎನ್ನುತ್ತಲೇ ಅಳು ಬಂದುಬಿಟ್ಟಿತು.

ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅಪ್ಪ ಎದ್ದು ಬಾಗಿಲಿಗೆ ಹೋಗಿ ಮೋತ್ಯಾನ ಕೊರಳ ಕೂದಲು ಸರಿಸಿ ನೋಡಿದ. "ಅದರ ಕೊರಳ ಮಾಯೂತನಕ ಮಾಳಗಿ ನೀನ ಕಾಯಬೇಕು. ಮೊದಲ ಹಿಡಿ ಮಾತ್ರ ಅದಕ್ಕ. ನಿನ್ನ ಕೈಲೆನ ತಿನಸು," ಎಂದ.

ಅವ್ವ ಮತ್ತೆ ಕುರುಡಿಗೆ ಹಾಕಿದ ಮೇಲೆ ಎಂಟು ದಿನ ಬಿಸಿಲಲ್ಲಿ ಕಾದೆ. ಎಂಟು ದಿನವೂ ನನ್ನ ಹಿಡಿಯನ್ನು ನನ್ನ ಕೈಯಿಂದಲೇ ಕೊಟ್ಟೆ. ಮೋತ್ಯಾ ಬಿಸಿ ನಾಲಿಗೆಯಿಂದ ನನ್ನ ಅಂಗೈಯನ್ನೆಲ್ಲ ನೆಕ್ಕಿ, ಬಾಲ ಅಲ್ಲಾಡಿಸುತ್ತ ಹೋಗಿ ಅಕ್ಕನ ಕಾಲ ಬಳಿ ಕೂರುತ್ತಿತ್ತು! ಸುಳ್ಳೇಕೆ ಹೇಳಲಿ, ಆಗಲೂ ಹೊಟ್ಟೆ ಉರಿಯುತ್ತಿತ್ತು.

ಈಗ ನಮ್ಮದು ಸಿಮೆಂಟಿನ ತಾರಸಿ. ಕುರುಡಿಗೆ ಅಂಗಡಿಯಿಂದ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಆದರೆ ಮಂಗಗಳು ಗುಡ್ಡದಿಂದಲೇ ಬರುತ್ತವೆ, ಸೋಲಾರ್ ಪೈಪು ಕಿತ್ತು ಹೋಗುತ್ತವೆ. ಅವುಗಳನ್ನು ಹೆದರಿಸಲು ನಿಮ್ಮಪ್ಪ ತಂದಿಟ್ಟ ಹುಲಿಬೊಂಬೆಯ ಬೆನ್ನ ಮೇಲೆ ಕೂತು ಒಂದರ ಹೇನು ಒಂದು ಹೆಕ್ಕುತ್ತವೆ. ನಿಮ್ಮ ನಾಯಿಗೆ ಹಾಸಿಗೆಯಿದೆ, ಫ್ಯಾನಿದೆ. ಮಂಗ ಕಂಡರೆ ಜಾಳಿಗೆ ಬಾಗಿಲ ಒಳಗಿನಿಂದಲೇ ಎರಡು ಸಲ ಬೊಗಳಿ ಸೋಫಾದ ಹಿಂದೆ ಹೋಗುತ್ತದೆ. ಮೊನ್ನೆ ನನ್ನ ಮೊಮ್ಮಗಳು, ನಿಮ್ಮಕ್ಕ, ಕರಿದ ಕುರುಡಿಗೆಯ ಮೊದಲ ತುಂಡನ್ನು ನನಗೆ ಕೊಡದೆ ಆ ಹೇಡಿಗೆ ಕೊಟ್ಟಳು. ಈ ವಯಸ್ಸಿನಲ್ಲೂ ನನಗೆ ಸ್ವಲ್ಪ ಉರಿಯಿತು.

ಉರಿದದ್ದು ನನಗೊಬ್ಬನಿಗೇ ಅಲ್ಲ. ನಿನ್ನೆ ಆ ನಾಯಿ ನೀರಿನ ಟ್ಯಾಂಕಿನ ಹಿಂದೆ, ಬಿಸಿಲಲ್ಲಿ ಕಟ್ಟಿಹಾಕಿದ್ದು ಸಿಕ್ಕಿತು. ಕಟ್ಟಿದ್ದು ಯಾರು ಎಂದು ನಿಮ್ಮಮ್ಮ ಎಲ್ಲರನ್ನೂ ಕೇಳಿದಳು. ಕಟ್ಟಿದ್ದ ಆ ಶೂ ದಾರ ಯಾರದೆಂದು ನನಗೆ ಗೊತ್ತು. ದಾರ ಬಿಚ್ಚಿ ತಂದು ಅದರ ಶೂ ಒಳಗೇ ಇಟ್ಟಿದ್ದೇನೆ.

ನಾ ಹೇಳಂಗಿಲ್ಲ ತಮ್ಮಾ. ನೀನ ಹೇಳು.